ಮುಪ್ಪಿನ ಹಾಡನ್ನು ಯಾರು ಹಾಡಬೇಕು?

ಮಂದ್ರ (ಚರ್ಚೆಯ ಆರಂಭ)

ಕಳೆದ ವಾರ ಒಂದು ಸಂಜೆ ಒಂದೇ ಹಾಡಿನ ಎರಡು ಧ್ವನಿಮುದ್ರಣಗಳನ್ನು ಬೆನ್ನುಬೆನ್ನಿಗೆ ಕೇಳಿದೆ. ಹಾಡು ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ ‘ಬೋತ್ ಸೈಡ್ಸ್ ನೌ’. ಎರಡು ಸಲವೂ ಹಾಡಿದವರು ಅವರೇ. ಮೊದಲನೆಯದು ಹೊರಬಂದದ್ದು 1969ರಲ್ಲಿ, ಆಗ ಅವರಿಗೆ 25 ವರ್ಷ. ಎರಡನೆಯದು 2000ದಲ್ಲಿ, ಆಗ 56. ಮೋಡವನ್ನೂ ಪ್ರೀತಿಯನ್ನೂ ಬದುಕನ್ನೂ ಎರಡೂ ಬದಿಯಿಂದ ನೋಡಿಯಾದ ಮೇಲೂ ಅವು ಏನೆಂದು ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವ ಹಾಡು ಅದು. ಇಪ್ಪತ್ತೈದರ ಧ್ವನಿ ಆ ಒಪ್ಪಿಗೆಯನ್ನು ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರಿದಷ್ಟು ಹಗುರವಾಗಿ ಹೇಳಿ ಮುಗಿಸುತ್ತದೆ. ಐವತ್ತಾರರ ಧ್ವನಿ ಬಹಳ ಕೆಳಗಿಳಿದಿದೆ, ಅದರ ಅಂಚು ಒರಟಾಗಿದೆ, ಸಾಲಿನ ಕೊನೆಯ ಪದಕ್ಕೆ ಬರುವಷ್ಟರಲ್ಲಿ ಉಸಿರು ತೀರುತ್ತ ಬಂದಿರುವುದು ಕೇಳಿಸುತ್ತದೆ. ತಿಳಿಯಲಿಲ್ಲ ಎಂಬ ಅದೇ ಮಾತು ಮೊದಲ ಸಲ ಕವಿತೆಯಾಗಿ ಕೇಳಿಸಿದ್ದು ಎರಡನೆಯ ಸಲ ಕಣ್ಣಾರೆ ಕಂಡವರ ಸಾಕ್ಷಿಯಾಗಿ ಕೇಳಿಸಿತು.

ಅವರಿಗೆ 2015ರಲ್ಲಿ ಮಿದುಳಿನ ರಕ್ತನಾಳದ ತೊಂದರೆಯಾಗಿ, ನಡೆಯುವುದನ್ನೂ ಮಾತನಾಡುವುದನ್ನೂ ಮತ್ತೆ ಕಲಿಯಬೇಕಾಗಿ ಬಂದಿತ್ತು. ಅದಾದ ಮೇಲೂ 2022ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ, ತಮ್ಮ 78ನೇ ವಯಸ್ಸಿನಲ್ಲಿ, ಕುರ್ಚಿಯಲ್ಲಿ ಕುಳಿತು ಅದೇ ಹಾಡನ್ನು ಹಾಡಿದರು. ಬರೆದಾಗ ಇಪ್ಪತ್ಮೂರು, ಹಾಡುವಾಗ ಎಪ್ಪತ್ತೆಂಟು. ನಡುವಿನ ಐವತ್ತೈದು ವರ್ಷಗಳಲ್ಲಿ ಹಾಡಿನ ಒಂದು ಪದವೂ ಬದಲಾಗಬೇಕಾಗಿ ಬರಲಿಲ್ಲವೆಂಬುದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಹುಡುಕುತ್ತ ಹೋದಂತೆ ಕಾಲ ಸರಿಯುವುದರ ಬಗ್ಗೆ, ಮುಪ್ಪಿನ ಬಗ್ಗೆ ನಾವು ನೆನಪಿಟ್ಟುಕೊಂಡಿರುವ ಹಾಡುಗಳಲ್ಲಿ ಎಷ್ಟೊಂದನ್ನು ಎಳೆಯರೇ ಬರೆದಿದ್ದಾರೆ ಎಂಬುದು ಕಂಡಿತು. ಪಾರ್ಕಿನ ಬೆಂಚಿನ ಮೇಲೆ ಕುಳಿತ ಇಬ್ಬರು ಮುದುಕರನ್ನು ಕಂಡು, ಎಪ್ಪತ್ತು ತುಂಬುವುದು ಹೇಗಿರಬಹುದೆಂದು ಬೆರಗಾಗುವ ‘ಓಲ್ಡ್ ಫ್ರೆಂಡ್ಸ್’ 1968ರಲ್ಲಿ ಹೊರಬಂದಾಗ ಅದನ್ನು ಬರೆದ ಅಮೆರಿಕದ ಹಾಡುಗಾರ ಪಾಲ್ ಸೈಮನ್ ಅವರಿಗೆ 26. ಅರವತ್ತನಾಲ್ಕರಲ್ಲೂ ನನ್ನನ್ನು ಬೇಕೆನ್ನುವೆಯಾ ಎಂದು ಕೇಳುವ ಬೀಟಲ್ಸ್ ತಂಡದ ಹಾಡಿನ ಧಾಟಿಯನ್ನು ಪಾಲ್ ಮೆಕಾರ್ಟ್ನಿ ಕಟ್ಟಿದ್ದು ಹದಿಹರೆಯದಲ್ಲಿ. ಇಪ್ಪತ್ತನಾಲ್ಕರಲ್ಲಿ ಅದನ್ನು ಮುದ್ರಿಸಿದಾಗ ತಮ್ಮ ಧ್ವನಿ ಇನ್ನೂ ಎಳೆಯದಾಗಿ ಕೇಳಿಸಲೆಂದು ಟೇಪಿನ ವೇಗವನ್ನು ಹೆಚ್ಚಿಸಿದ್ದರು. ಕಾಲ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಾಡನ್ನು ಇಪ್ಪತ್ತರ ಆಸುಪಾಸಿನಲ್ಲಿ ಬರೆದ ಇಂಗ್ಲೆಂಡಿನ ಗಾಯಕಿ ಸ್ಯಾಂಡಿ ಡೆನ್ನಿ 1978ರಲ್ಲಿ, 31ನೇ ವಯಸ್ಸಿನಲ್ಲಿ ತೀರಿಕೊಂಡರು. ತಾನು ಕೇಳಿದ ಪ್ರಶ್ನೆಯನ್ನು ಮುದಿ ಕಂಠದಲ್ಲಿ ಮತ್ತೊಮ್ಮೆ ಕೇಳುವ ಅವಕಾಶ ಅವರಿಗೆ ಸಿಗಲಿಲ್ಲ.

ಹಾಗಾಗಿ ಎಲ್ಲರಲ್ಲೂ ಕೇಳುತ್ತಿದ್ದೇನೆ. ಮುಪ್ಪಿನ ಹಾಡು ನಿಜವಾಗಿ ಯಾರದು? ಅದನ್ನು ದೂರದಿಂದ ಕಂಡು ಬರೆದವರದೋ, ಅದರೊಳಗೆ ನಿಂತು ಹಾಡುವವರದೋ? ನನಗೆ ತೋರುವುದು ಇಷ್ಟು: ಹಾಡಿಗೆ ವಯಸ್ಸಾಗುವುದಿಲ್ಲ, ಹಾಡುವವರಿಗೆ ಆಗುತ್ತದೆ, ಬರೆದಾಗ ಅರ್ಧವಾಗಿದ್ದ ಹಾಡನ್ನು ವಯಸ್ಸಾದ ಕಂಠ ಪೂರ್ತಿ ಮಾಡುತ್ತದೆ.

ಶ್ರುತಿಪೆಟ್ಟಿಗೆ

ಮಂದ್ರ ಅವರೇ, ನಾನು ಮೂವತ್ತು ವರ್ಷಗಳಿಂದ ಸಂಗೀತ ಪಾಠ ಹೇಳುತ್ತಿರುವವಳು. ನಿಮ್ಮ ಮಾತಿನ ಕೊನೆಯ ಭಾಗವನ್ನು ಒಪ್ಪುತ್ತೇನೆ, ಆದರೆ ಅದು ಆಗುವ ಬಗೆಯನ್ನು ಕೊಂಚ ಹತ್ತಿರದಿಂದ ಹೇಳಬೇಕೆನಿಸಿತು.

ಕಂಠಕ್ಕೆ ವಯಸ್ಸಾಗುವುದೆಂದರೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳು ನಿಧಾನವಾಗಿ ಎಲುಬಿನಂತೆ ಗಟ್ಟಿಯಾಗುವುದು, ಧ್ವನಿತಂತುಗಳ ಸ್ನಾಯು ತೆಳುವಾಗುವುದು, ತಂತುಗಳ ನಡುವೆ ಸಂದು ಉಳಿದು ಗಾಳಿ ಸೋರುವುದು. ಮುಟ್ಟು ನಿಂತ ಮೇಲೆ ಹೆಂಗಸರ ಧ್ವನಿ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಗಂಡಸರದು ತೀರ ವಯಸ್ಸಾದಾಗ ತುಸು ಮೇಲೇರುವುದೂ ಉಂಟು. ಹೀಗೆ ತುಂಬು ಮುಪ್ಪಿನಲ್ಲಿ ಇಬ್ಬರ ಧ್ವನಿಗಳೂ ಒಂದಕ್ಕೊಂದು ಹತ್ತಿರವಾಗುತ್ತವೆ. ಎದೆಗೂಡು ಮೊದಲಿನಷ್ಟು ಹಿಗ್ಗುವುದಿಲ್ಲವಾದ್ದರಿಂದ ಉಸಿರು ಗಿಡ್ಡವಾಗುತ್ತದೆ. ನೇರವಾಗಿ ನಿಲ್ಲಬೇಕಾದ ಸ್ವರದಲ್ಲಿ ಬೇಡದ ಅಲುಗಾಟ ಸೇರಿಕೊಳ್ಳುತ್ತದೆ. ಶಿಷ್ಯರಿಗೆ ಇದನ್ನೆಲ್ಲ ದೋಷಪಟ್ಟಿಯಂತೆ ಹೇಳಿಕೊಡುತ್ತಿದ್ದ ಕಾಲವೂ ನನಗಿತ್ತು. ಈಗ ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಬಿಡುವಂತೆ ಮಾಡಿದ್ದು ಒಂದು ನೋಟ್‌ಪುಸ್ತಕ.

ನನ್ನ ಗುರುಗಳು ತೀರಿಕೊಂಡ ಮೇಲೆ ಅವರ ಹಾಡಿನ ಪುಸ್ತಕ ನನ್ನ ಕೈಗೆ ಬಂತು. ಪ್ರತಿ ಹಾಡಿನ ನೆತ್ತಿಯ ಮೇಲೆ ಬಲಗಡೆ ಪೆನ್ಸಿಲಿನಲ್ಲಿ ಶ್ರುತಿ, ಅಂದರೆ ಹಾಡಲು ಆಧಾರವಾಗಿ ಹಿಡಿಯುವ ಸ್ವರದ ಎತ್ತರ, ಬರೆದಿಟ್ಟಿದ್ದರು. ಅದನ್ನು ಮನೆಗಳಲ್ಲಿ ಎಣಿಸುತ್ತೇವೆ, ಅಂಕಿ ಇಳಿದಷ್ಟೂ ಶ್ರುತಿ ಕೆಳಗೆ. ಆರು ಮನೆ ಎಂದಿದ್ದುದನ್ನು ಅಳಿಸಿ ಐದೂವರೆ, ಅದನ್ನೂ ಅಳಿಸಿ ಐದು, ಆಮೇಲೆ ನಾಲ್ಕೂವರೆ. ಅಳಿಸಿದ ಅಂಕಿಯ ಒತ್ತು ಕಾಗದದಲ್ಲಿ ಉಳಿದಿತ್ತು. ಅವರು ಹೆಚ್ಚು ಹಾಡುತ್ತಿದ್ದ ಹಾಡುಗಳ ಪುಟದಲ್ಲಿ ರಬ್ಬರು ಉಜ್ಜಿ ಉಜ್ಜಿ ಆ ಮೂಲೆ ಎಷ್ಟು ತೆಳುವಾಗಿತ್ತೆಂದರೆ ಬೆಳಕಿಗೆ ಹಿಡಿದರೆ ಹಿಂದಿನ ಪುಟದ ಅಕ್ಷರ ಕಾಣುತ್ತಿತ್ತು. ಒಂದು ಹಾಡಿನ ಪಕ್ಕದಲ್ಲಿ ಮಾತ್ರ ಅಂಕಿಯ ಬದಲು ‘ಅನುಪಲ್ಲವಿ ಕೆಳಗೆ’ ಎಂದಷ್ಟೇ ಇತ್ತು. ಸಂಗೀತ ಬಲ್ಲವರಿಗೆ ಅದರ ಅರ್ಥ ತಕ್ಷಣ ಆಗುತ್ತದೆ. ಪಲ್ಲವಿಯ ನಂತರ ಬರುವ ಅನುಪಲ್ಲವಿಯಲ್ಲಿ ಹಾಡು ತಾರಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ, ಏರುವುದು ವಾಡಿಕೆ; ಅವರ ಕಂಠಕ್ಕೆ ಆ ಎತ್ತರ ಇನ್ನು ಎಟಕುತ್ತಿರಲಿಲ್ಲ. ಹಾಡನ್ನು ಬಿಡಲು ಮನಸ್ಸಿರಲಿಲ್ಲವಾದ್ದರಿಂದ ಏರಬೇಕಾದ ಸಾಲನ್ನು ಮಧ್ಯಸ್ಥಾಯಿಯಲ್ಲೇ ಹಾಡುವ ದಾರಿಯನ್ನು ಅವರು ಹುಡುಕಿಕೊಂಡಿದ್ದರು.

ಅವರು ಹಾಗೆ ಹಾಡಿದ್ದನ್ನು ನಾನು ಎದುರಿಗೆ ಕುಳಿತು ಕೇಳಿದ್ದೇನೆ. ಕೇಳುವಾಗ ನನ್ನ ಕಿವಿ ಮೇಲಿನ ಷಡ್ಜಕ್ಕಾಗಿ ಕಾಯುತ್ತಿತ್ತು, ಅದು ಬರಲಿಲ್ಲ, ಬರಬೇಕಾದ ಜಾಗದಲ್ಲಿ ಅವರು ಕಣ್ಣು ಮುಚ್ಚಿ ತಲೆಯನ್ನು ತುಸು ಮೇಲೆತ್ತಿದರು, ಸ್ವರ ಮಾತ್ರ ಕೆಳಗೇ ಉಳಿಯಿತು. ಹಾಡಿನ ಸಾಹಿತ್ಯದಲ್ಲಿ ಮುಪ್ಪಿನ ಒಂದು ಪದವೂ ಇರಲಿಲ್ಲ. ಆದರೂ ಕಾಲದ ಬಗ್ಗೆ ನಾನು ಕೇಳಿದ ಅತ್ಯಂತ ದೊಡ್ಡ ಹಾಡು ಅದೇ.

ಇಳಿಹೊತ್ತು

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೂ ಒಂದು ತಕರಾರು ಇದೆ. ಮುಪ್ಪು ಅನುಭವಿಸಿದವರಿಗೆ ಮಾತ್ರ ಅದರ ಹಾಡು ಪೂರ್ಣವಾಗುತ್ತದೆ ಎಂಬ ಮಾತು ಕೇಳಲು ಚೆಂದ, ಆದರೆ ಎಳೆಯರಿಗೆ ಅದು ಅನ್ಯಾಯ ಮಾಡುತ್ತದೆ.

ಆಸ್ಟ್ರಿಯದ ಸಂಗೀತಕಾರ ಶೂಬರ್ಟ್ 1827ರಲ್ಲಿ ಸ್ವರ ಹಾಕಿದ ‘ವಿಂಟರ್‌ರೈಸ’ ಎಂಬ ಇಪ್ಪತ್ತನಾಲ್ಕು ಹಾಡುಗಳ ಮಾಲೆಯನ್ನು ತೆಗೆದುಕೊಳ್ಳಿ. ಅದರ ಹದಿನಾಲ್ಕನೆಯ ಹಾಡಿನಲ್ಲಿ ಚಳಿಗಾಲದ ದಾರಿಯಲ್ಲಿ ಒಬ್ಬನೇ ನಡೆಯುತ್ತಿರುವ ಯುವಕನ ತಲೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಕೂದಲು ಬೆಳ್ಳಗೆ ಕಾಣುತ್ತದೆ. ತಾನು ಮುದುಕನಾದೆನೆಂದು ಅವನು ಹಿಗ್ಗುತ್ತಾನೆ. ಸ್ವಲ್ಪ ಹೊತ್ತಿಗೆ ಹಿಮ ಕರಗುತ್ತದೆ, ಕಪ್ಪು ಕೂದಲು ಮತ್ತೆ ಕಾಣಿಸಿಕೊಳ್ಳುತ್ತದೆ, ತನ್ನ ಯೌವನವನ್ನು ಕಂಡು ಅವನಿಗೆ ದಿಗಿಲಾಗುತ್ತದೆ: ಇನ್ನೂ ಎಷ್ಟು ದೂರ ನಡೆಯಬೇಕು! ಇದನ್ನು ಎಂಬತ್ತರ ಮುದುಕರು ಬರೆಯಲಾರರು. ಎದುರಿಗೆ ಬಿದ್ದಿರುವ ಕಾಲವೇ ಹೊರೆಯಾಗುವುದು ಎಳೆಯರ ನೋವು. ಕವಿತೆ ಬರೆದ ವಿಲ್ಹೆಲ್ಮ್ ಮ್ಯುಲರ್ ಅದೇ 1827ರಲ್ಲಿ 32ನೇ ವಯಸ್ಸಿನಲ್ಲಿ ತೀರಿಕೊಂಡರು. ವರ್ಷಗಳಿಂದ ಕಾಯಿಲೆಯಲ್ಲಿದ್ದ ಶೂಬರ್ಟ್ ಮರುವರ್ಷ ನವೆಂಬರಿನಲ್ಲಿ, 31ನೇ ವಯಸ್ಸಿನಲ್ಲಿ ಹೋದರು. ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿದ್ದುಕೊಂಡೇ ಈ ಮಾಲೆಯ ಎರಡನೆಯ ಭಾಗದ ಅಚ್ಚಿನ ಕರಡನ್ನು ತಿದ್ದುತ್ತಿದ್ದರು. ಇವರಿಬ್ಬರಿಗೆ ಮುಪ್ಪು ಗೊತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಉಳಿದಿರುವ ದಿನ ಎಷ್ಟು ಎಂಬುದರಿಂದಲೂ ವಯಸ್ಸನ್ನು ಅಳೆಯಬಹುದಲ್ಲವೇ?

ಹೊರಗಿನಿಂದ ನೋಡುವವರ ಕಣ್ಣಿಗೂ ಒಂದು ಬೆಲೆಯಿದೆ. ಬೆಲ್ಜಿಯಂನ ಗಾಯಕ ಜಾಕ್ ಬ್ರೆಲ್ 1963ರಲ್ಲಿ, ತಮ್ಮ 34ನೇ ವಯಸ್ಸಿನಲ್ಲಿ, ‘ಲೆ ವ್ಯು’ ಎಂಬ ಫ್ರೆಂಚ್ ಹಾಡಿನಲ್ಲಿ ವಯಸ್ಸಾದ ಗಂಡಹೆಂಡಿರ ಲೋಕ ಕುಗ್ಗುತ್ತ ಬರುವುದನ್ನು ತೋರಿಸಿದರು: ಹಾಸಿಗೆಯಿಂದ ಕಿಟಕಿಗೆ, ಆಮೇಲೆ ಹಾಸಿಗೆಯಿಂದ ಆರಾಮಕುರ್ಚಿಗೆ, ಕಡೆಗೆ ಹಾಸಿಗೆಯಿಂದ ಹಾಸಿಗೆಗೆ. ಪಡಸಾಲೆಯ ಬೆಳ್ಳಿಯ ಗಡಿಯಾರ ಹೌದು ಎನ್ನುತ್ತದೆ, ಅಲ್ಲ ಎನ್ನುತ್ತದೆ, ನಿಮಗಾಗಿ ಕಾಯುತ್ತಿದ್ದೇನೆ ಎನ್ನುತ್ತದೆ. ಆ ಮನೆಯಲ್ಲೇ ಇರುವವರಿಗೆ ಗಡಿಯಾರದ ಸದ್ದು ಎಂದೋ ಕೇಳಿಸದಂತಾಗಿರುತ್ತದೆ. ಹೊರಗಿನಿಂದ ಬಂದ ಮೂವತ್ತರ ಮಗನಿಗೆ ಮಾತ್ರ ಅದು ಕೇಳಿಸುತ್ತದೆ. ಬ್ರೆಲ್ 49ಕ್ಕೇ ತೀರಿಕೊಂಡರು, ಹಾಡು ಅರ್ಧವಾಗಿ ಉಳಿಯಲಿಲ್ಲ.

ಇನ್ನೊಂದು ಮಾತು. ಇಳಿದ ಧ್ವನಿಯೆಲ್ಲ ಮುಪ್ಪಿನ ಧ್ವನಿಯಲ್ಲ. ಗಂಗೂಬಾಯಿ ಹಾನಗಲ್ ಅವರ ಧ್ವನಿ ಗಂಭೀರವಾಗಿ ಕೆಳಗಿಳಿದದ್ದು ಇನ್ನೂ ಚಿಕ್ಕ ವಯಸ್ಸಿನಲ್ಲಿ, ಗಂಟಲಿನ ಚಿಕಿತ್ಸೆಯ ನಂತರ. ಕೇಳುವ ನಾವು ಒರಟು ಕಂಠ ಕಂಡಲ್ಲೆಲ್ಲ ಅನುಭವವನ್ನು ಆರೋಪಿಸುವ ಅವಸರ ಮಾಡಬಾರದು.

ಹಳೆಯ ರೇಡಿಯೊ

ಇಳಿಹೊತ್ತು ಅವರ ತಕರಾರಿಗೆ ಒಂದು ಸೇರ್ಪಡೆ. ಮಂದ್ರ ಅವರು ಹೇಳಿದ ‘ಓಲ್ಡ್ ಫ್ರೆಂಡ್ಸ್’ ಹಾಡಿಗೆ ಮುಂಚೆ ಅದೇ ಆಲ್ಬಮ್‌ನಲ್ಲಿ ಹಾಡೇ ಅಲ್ಲದ ಒಂದು ತುಣುಕಿದೆ. ಪಾಲ್ ಸೈಮನ್ ಅವರ ಜೊತೆಗಾರ ಆರ್ಟ್ ಗಾರ್ಫಂಕಲ್ ವೃದ್ಧಾಶ್ರಮಗಳಿಗೆ ಹೋಗಿ ಅಲ್ಲಿನ ಹಿರಿಯರ ಮಾತುಗಳನ್ನು ಮುದ್ರಿಸಿಕೊಂಡು ಬಂದು, ಅವನ್ನು ಹಾಗೆಯೇ ಅಲ್ಲಿ ಇಟ್ಟಿದ್ದಾರೆ. ಕೆಮ್ಮು, ತಡವರಿಕೆ, ಫೋಟೊಗಳ ಬಗೆಗಿನ ಮಾತು, ನಿಟ್ಟುಸಿರು. ಹಾಡು ಶುರುವಾಗುವುದು ಅದಾದ ಮೇಲೆ. ತಮಗೆ ಗೊತ್ತಿಲ್ಲದ್ದನ್ನು ಹಾಡುವ ಮುನ್ನ ಗೊತ್ತಿದ್ದವರ ಧ್ವನಿಗೆ ಮೊದಲು ಜಾಗ ಕೊಟ್ಟ ಆ ಇಬ್ಬರು ಇಪ್ಪತ್ತಾರರ ಹುಡುಗರ ವಿನಯ ನನಗೆ ಬಹಳ ದೊಡ್ಡದೆನಿಸುತ್ತದೆ.

ಕೊನೆಯ ಚರಣ

ನಾನು ಸಂಗೀತ ಕಲಿತವನಲ್ಲ. ತಂದೆಯವರನ್ನು ನೋಡಿಕೊಳ್ಳುತ್ತಿದ್ದೇನೆ, ಅವರಿಗೆ 83. ಮರೆವಿನ ಕಾಯಿಲೆ ಶುರುವಾಗಿ ಐದು ವರ್ಷವಾಯಿತು. ನನ್ನ ಹೆಸರು ಅವರಿಗೆ ಕೆಲವು ದಿನ ಸಿಗುತ್ತದೆ, ಕೆಲವು ದಿನ ಸಿಗುವುದಿಲ್ಲ. ಸಿಗದ ದಿನ ಬಹಳ ಮರ್ಯಾದೆಯಿಂದ ‘ತಾವು’ ಎಂದು ಮಾತನಾಡಿಸುತ್ತಾರೆ.

ಆದರೆ ಹಾಡು ಹೋಗಿಲ್ಲ. ಹರೆಯದಲ್ಲಿ, ಸುಮಾರು ಮೂವತ್ತರ ಒಳಗೆ ಮನಸ್ಸಿಗೆ ಇಳಿದದ್ದು ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆಂದೂ, ಇಂಥ ಕಾಯಿಲೆಯಲ್ಲಿ ಮಾತಿನ ನೆನಪು ಹೋದ ಮೇಲೂ ಹಾಡಿನ ನೆನಪು ಎಷ್ಟೋ ಜನರಲ್ಲಿ ಉಳಿದಿರುತ್ತದೆಂದೂ ವೈದ್ಯರು ಹೇಳಿದ್ದರು. ಅವರು ಹೇಳಿದಾಗ ಅದು ಸಮಾಧಾನದ ಮಾತೆಂದುಕೊಂಡಿದ್ದೆ. ಈಗ ದಿನವೂ ನೋಡುತ್ತಿದ್ದೇನೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವಾಗ ಪಲ್ಲವಿಯನ್ನು ನಾನು ಎತ್ತಿಕೊಟ್ಟರೆ ಸಾಕು, ಮುಂದಿನದನ್ನು ಅವರು ಹಿಡಿದುಕೊಳ್ಳುತ್ತಾರೆ. ಅವರ ಬೆರಳು ಗುಂಡಿಯನ್ನು ಮರೆತಿದೆ, ನಾಲಿಗೆ ಚರಣವನ್ನು ಮರೆತಿಲ್ಲ.

ಮರೆಯದಿದ್ದರೂ ಕ್ರಮ ತಪ್ಪುತ್ತದೆ. ಮೊದಲ ಚರಣವಾದ ಮೇಲೆ ಮೂರನೆಯದು ಬರುತ್ತದೆ, ಒಮ್ಮೊಮ್ಮೆ ಮೊದಲನೆಯದೇ ಮತ್ತೆ ಬರುತ್ತದೆ. ಮೊದಮೊದಲು ನಾನು ತಿದ್ದುತ್ತಿದ್ದೆ. ತಿದ್ದಿದಾಗಲೆಲ್ಲ ಅವರ ಮುಖ ಬಾಡುತ್ತಿತ್ತು, ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಎಷ್ಟೋ ತಿಂಗಳ ಮೇಲೆ ನನಗೆ ಹೊಳೆದದ್ದೇನೆಂದರೆ, ಅವರು ಯಾವ ಚರಣದಲ್ಲಿ ದಾರಿ ತಪ್ಪಿದರೂ ಪಲ್ಲವಿಗೆ ಮಾತ್ರ ಸರಿಯಾಗಿಯೇ ಬಂದು ಸೇರುತ್ತಾರೆ. ಚರಣದಿಂದ ಚರಣಕ್ಕೆ ಹಾಡಿನಲ್ಲಿ ಕಾಲ ಮುಂದೆ ಹೋಗುತ್ತದೆ, ಮಗು ಹುಡುಗನಾಗುತ್ತಾನೆ, ಹುಡುಗ ಮುದುಕನಾಗುತ್ತಾನೆ. ಪಲ್ಲವಿ ಮಾತ್ರ ಪ್ರತಿ ಸಲವೂ ಮೊದಲ ಸಲದಂತೆಯೇ ಇರುತ್ತದೆ. ಪಲ್ಲವ ಎಂದರೆ ಚಿಗುರು ಎಂದು ಶಾಲೆಯಲ್ಲಿ ಕಲಿತದ್ದು ಆಗ ನೆನಪಾಯಿತು. ಈಗ ನಾನು ಚರಣಗಳನ್ನು ಅವರ ಪಾಡಿಗೆ ಬಿಟ್ಟು ಪಲ್ಲವಿಯ ಹತ್ತಿರ ಹೋಗಿ ಕಾಯುತ್ತೇನೆ. ಅಲ್ಲಿ ನಾವಿಬ್ಬರೂ ಒಟ್ಟಿಗೆ ಹಾಡುತ್ತೇವೆ.

ಮುಪ್ಪಿನ ಹಾಡು ಯಾರದೆಂಬ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ, ಹೇಳಬೇಕೆನಿಸಿತು.

ಮಂದ್ರ

ಕೊನೆಯ ಚರಣ ಅವರೇ, ನಿಮ್ಮ ಬರಹವನ್ನು ಎರಡು ದಿನ ಹಾಗೇ ಇಟ್ಟುಕೊಂಡಿದ್ದೆ. ಇಳಿಹೊತ್ತು ಅವರ ತಕರಾರನ್ನೂ ಒಪ್ಪಿಕೊಳ್ಳುತ್ತೇನೆ: ಬರೆದಾಗ ಹಾಡು ಅರ್ಧವಾಗಿರುತ್ತದೆ ಎಂದದ್ದು ನನ್ನ ಆತುರ. ಬರೆದವನಿಗೆ ಗೊತ್ತಿಲ್ಲದ ಅರ್ಥವನ್ನೂ ಹಾಡು ಹೊತ್ತುಕೊಂಡಿರುತ್ತದೆ, ಅದನ್ನು ಅವನು ಆಮೇಲೆ ಭೇಟಿಯಾಗುತ್ತಾನೆ ಎಂದು ಹೇಳಿದ್ದರೆ ಸರಿಯಾಗುತ್ತಿತ್ತು.

ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಹಾಗೆ ಭೇಟಿಯಾದವರು. ಸಾಯುತ್ತಿರುವ ಕಲಾವಿದನೊಬ್ಬನ ಕೊನೆಯ ಗಳಿಗೆಗಳನ್ನು ವಾದ್ಯವೃಂದಕ್ಕಾಗಿ ಬರೆದ ಕೃತಿಯನ್ನು ಅವರು ಮುಗಿಸಿದ್ದು 1889ರಲ್ಲಿ, ಆಗ ಅವರಿಗೆ 25 ವರ್ಷ. ಸುಮಾರು ಅರವತ್ತು ವರ್ಷಗಳ ನಂತರ, 1948ರಲ್ಲಿ, ಹೆಣ್ಣುಕಂಠಕ್ಕಾಗಿ ಬರೆದ ತಮ್ಮ ಕೊನೆಯ ಹಾಡುಗಳಲ್ಲಿ ಒಂದರಲ್ಲಿ, ಕೈಕೈ ಹಿಡಿದು ಬಹುದೂರ ನಡೆದು ಬಂದ ಜೋಡಿಯೊಂದು ಸಂಜೆಯ ಕೆಂಪಿನಲ್ಲಿ ನಿಂತು ಇದೇ ಸಾವಿರಬಹುದೇ ಎಂದು ಕೇಳುವ ಕಡೆ, ಆ ಹಳೆಯ ಕೃತಿಯ ಒಂದು ಎಳೆಯನ್ನು ಮೆಲ್ಲಗೆ ತಂದಿಟ್ಟರು. ಇಪ್ಪತ್ತೈದರಲ್ಲಿ ಊಹಿಸಿದ್ದನ್ನು ಎಂಬತ್ನಾಲ್ಕರ ಹೊತ್ತಿಗೆ ತೆಗೆದು ನೋಡಿದರು; ಅಳಿಸಲಿಲ್ಲ, ತಿದ್ದಲಿಲ್ಲ, ಅದು ನಡೆಯುತ್ತದೆ ಎಂದುಕೊಂಡರು. 1949ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಆ ಹಾಡುಗಳನ್ನು ಮೊದಲ ಸಲ ವೇದಿಕೆಯ ಮೇಲೆ ಹಾಡಿದ್ದು 1950ರ ಮೇ 22ರಂದು. ಸ್ವತಃ ಗಾಯಕಿಯಾಗಿದ್ದ ಅವರ ಹೆಂಡತಿ ಪೌಲಿನ ಅದಕ್ಕೆ ಒಂಬತ್ತು ದಿನ ಮುಂಚೆ ತೀರಿಹೋಗಿದ್ದರು. ಜೋಡಿಯಲ್ಲಿ ಯಾರೊಬ್ಬರಿಗೂ ಅದು ಕೇಳಿಸಲಿಲ್ಲ.

ಇದನ್ನೆಲ್ಲ ಯೋಚಿಸುತ್ತಿರುವಾಗ, ದೂರ ಎಲ್ಲೆಲ್ಲೋ ಹುಡುಕುತ್ತಿದ್ದ ನನಗೆ ನಮ್ಮ ನಾಲಿಗೆಯ ಮೇಲೇ ಇದ್ದ ಒಂದು ವಚನ ಹೊಸದಾಗಿ ಕಂಡಿತು. ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಹೇಳಿದ, ಕೆನ್ನೆಗೆ ಇಳಿಯುವ ನರೆಯಿಂದ ಶುರುವಾಗುವ ವಚನ. ಕೂದಲು ನರೆಯುವ, ಗಲ್ಲ ಸುಕ್ಕಾಗುವ, ಹಲ್ಲು ಹೋಗುವ, ಬೆನ್ನು ಬಾಗುವ, ಇನ್ನೊಬ್ಬರ ಹಂಗಿಗೆ ಬೀಳುವ, ಕಾಲ ಮೇಲೆ ಕೈಯೂರಿ ಕೋಲು ಹಿಡಿಯುವ, ರೂಪ ಅಳಿಯುವ, ಮೃತ್ಯು ಮುಟ್ಟುವ ಸ್ಥಿತಿಗಳು ಒಂದೊಂದಾಗಿ ಬರುತ್ತವೆ. ‘ಮುನ್ನ’ ಎಂಬ ಪದ ಮತ್ತೆ ಮತ್ತೆ ಬಂದು ಬೀಳುತ್ತದೆ. ಅವೆಲ್ಲ ಆಗುವ ಮುನ್ನವೇ ಪೂಜಿಸು ಎಂಬುದು ಆಜ್ಞೆ. ಅಂದರೆ ಇದು ಇನ್ನೂ ಯಾವುದೂ ಆಗಿರದವರ ಕಿವಿಗೆ ಹೇಳಿದ ಮಾತು. ಚಿಕ್ಕಂದಿನಿಂದ ಅದನ್ನು ಹಾಗೆಯೇ ಕೇಳಿದ್ದೆ.

ಈಗ ಅದನ್ನೇ ವಯಸ್ಸಾದವರು ಹಾಡುವುದನ್ನು ಊಹಿಸಿಕೊಳ್ಳಿ. ಇಪ್ಪತ್ತರವರು ಹಾಡುವಾಗ ಪ್ರತಿ ‘ಮುನ್ನ’ವೂ ಮುಂದಿದೆ. ಐವತ್ತರಲ್ಲಿ ಮೊದಲನೆಯದು ದಾಟಿಹೋಗಿದೆ. ಎಪ್ಪತ್ತರಲ್ಲಿ ಹಲ್ಲು, ಬೆನ್ನು. ಎಂಬತ್ತು ದಾಟಿದವರು ಹಾಡುವಾಗ ಆಗಿಹೋದವನ್ನೆಲ್ಲ ಇನ್ನೂ ಆಗಬೇಕಾದವುಗಳ ಹಾಗೆ ಹೇಳುತ್ತ ಬಂದು ಕೊನೆಯ ಒಂದೇ ಒಂದು ‘ಮುನ್ನ’ದ ಎದುರು ನಿಲ್ಲುತ್ತಾರೆ. ಪದ ಒಂದೂ ಕದಲಿಲ್ಲ, ಹಾಡುವವರು ಅದರೊಳಗೆ ಮನೆಯಿಂದ ಮನೆಗೆ ಸರಿಯುತ್ತ ಬಂದಿದ್ದಾರೆ. ಶ್ರುತಿಪೆಟ್ಟಿಗೆಯವರ ಗುರುಗಳ ಪುಸ್ತಕದಲ್ಲಿ ಆರು, ಐದೂವರೆ, ಐದು ಎಂದು ಇಳಿದದ್ದು ಇದೇ ಅಲ್ಲವೇ?

ಶ್ರುತಿಪೆಟ್ಟಿಗೆ

ಹೌದು. ಮತ್ತು ನನಗೆ ಈಗ 58. ಈ ವಚನವನ್ನು ವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇನೆ. ಅವರು ಕೋಲಿನ ಸಾಲು ಬಂದಾಗ ಬೆನ್ನು ಬಗ್ಗಿಸಿ ಅಭಿನಯಿಸಿ ನಗುತ್ತಾರೆ. ನಗಬೇಡಿ ಎಂದು ಗದರುತ್ತಿದ್ದೆ. ಇನ್ನು ಮೇಲೆ ಗದರುವುದಿಲ್ಲ, ಅವರ ಎಲ್ಲ ‘ಮುನ್ನ’ಗಳೂ ಮುಂದೇ ಇವೆ. ನಾನು ಮಾತ್ರ ಮೊದಲ ಸಾಲನ್ನು ಹಾಡುವಾಗ ಕೈ ತಾನಾಗಿ ಕೆನ್ನೆಯ ಪಕ್ಕದ ಕೂದಲಿಗೆ ಹೋಗುವುದನ್ನು ಈ ವಾರ ಗಮನಿಸಿದೆ. ಹಾಗೆಯೇ ಶ್ರುತಿಯನ್ನು ಅರ್ಧ ಮನೆ ಇಳಿಸಿದೆ. ಎರಡು ವರ್ಷದಿಂದ ಇಳಿಸಬೇಕೆಂದು ಗೊತ್ತಿದ್ದೂ ಮುಂದೂಡುತ್ತ ಬಂದಿದ್ದೆ.

ಕೊನೆಯ ಚರಣ

ಮಂದ್ರ ಅವರ ಬರಹ ಓದಿದ ಮೇಲೆ ನಿನ್ನೆ ಸಂಜೆ ತಂದೆಯವರಿಗೆ ಆ ವಚನವನ್ನು ಎತ್ತಿಕೊಟ್ಟೆ. ಅವರಿಗೆ ಬರುತ್ತದೆಂದು ಗೊತ್ತಿತ್ತು, ಆದರೆ ಈ ಸಾಲುಗಳನ್ನು ಅವರ ಎದುರಿಗೆ ಹಾಡಬಹುದೇ ಎಂದು ಅಂಜಿಕೆಯಿತ್ತು. ಎರಡನೆಯ ಪದಕ್ಕೇ ಅವರು ನನ್ನ ಕೈಯಿಂದ ತೆಗೆದುಕೊಂಡರು. ಉಸಿರು ಸಾಲದೆ ಪ್ರತಿ ‘ಮುನ್ನ’ದ ಬಳಿ ನಿಂತು ನಿಂತು ಹಾಡಿದರು, ಈ ಸಲ ಕ್ರಮ ಎಲ್ಲಿಯೂ ತಪ್ಪಲಿಲ್ಲ. ಕೋಲಿನ ಸಾಲಿಗೆ ಬಂದಾಗ ಕುರ್ಚಿಗೆ ಒರಗಿಸಿಟ್ಟಿದ್ದ ತಮ್ಮ ಕೋಲಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿ ಬಾಯ್ತುಂಬ ನಕ್ಕರು, ನಗು ಮುಗಿಸಿ ಉಳಿದದ್ದನ್ನು ಹಾಡಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಕೋಲು ಕೊಡಪ್ಪ, ಹೊರಗೆ ಇನ್ನೂ ಬೆಳಕಿದೆ’ ಎಂದರು. ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆ.